ಅಡಿಸಾಲಿನಲ್ಲಿದ್ದ ಅಣ್ಣ

ಮತ್ತೆ ಅದೇ ಜಾಗಕ್ಕೆ ಬಂದು ಸತ್ತಿತು. ‘ಎಡಿಟಿಂಗ್ ಸಾಫ್ಟ್‌ವೇರ್ ಅನಿರೀಕ್ಷಿತವಾಗಿ ನಿಂತುಹೋಗಿದೆ, ಕ್ಷಮಿಸಿ’ ಎಂದು ಪರದೆಯ ನಡುವೆ ಒಂದು ಚೌಕ ಮೂಡಿತು. ಅನಿರೀಕ್ಷಿತವಂತೆ! ಬೆಳಗಿನಿಂದ ನಾನು ಅದೊಂದನ್ನೇ ನಿರೀಕ್ಷಿಸುತ್ತ ಕೂತಿದ್ದೆ. ಮೌಸನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಮನೆಯಲ್ಲಿ ಇನ್ನೊಂದು ಮೌಸ್ ಇರಲಿಲ್ಲ, ಹಾಗಾಗಿ ಸುಮ್ಮನಾದೆ.

ಸಂಜೆ ಐದಕ್ಕೆ ಅಪ್ಪನ ಬೀಳ್ಕೊಡುಗೆ. ಊರಿಗೆಲ್ಲ ನೀರು ಬಿಡುವ ಪಂಪ್‌ಹೌಸಿನಲ್ಲಿ ಅವರು ಮೀಸೆ ಚಿಗುರಿದಾಗಿನಿಂದ ದುಡಿದವರು. ಮಗಳು ವಿಡಿಯೊ ಎಡಿಟರ್ ಎಂದು ತಿಳಿದಿದ್ದ ಅವರ ಜೊತೆಗಾರರು, “ನಾವೆಲ್ಲ ಎರಡೆರಡು ಮಾತಾಡ್ತೀವಿ, ನೀನು ಜೋಡಿಸಿ ಒಂದು ಸಣ್ಣ ಸಿನಿಮಾ ಮಾಡ್ಕೊಡಮ್ಮ” ಅಂದಿದ್ದರು. ಬೇರೆಯವರ ಕೆಲಸವಾಗಿದ್ದರೆ ನಾಳೆ ಬನ್ನಿ ಅಂತ ಸಾಗಹಾಕುತ್ತಿದ್ದೆ. ಅಪ್ಪ ನಾಳೆ ಇನ್ನೊಂದು ಸಲ ನಿವೃತ್ತರಾಗುವುದಿಲ್ಲವಲ್ಲ.

ಮಾಡದ ಕಸರತ್ತಿಲ್ಲ. ಕಂಪ್ಯೂಟರ್ ಆರಿಸಿ ಹೊತ್ತಿಸಿದೆ. ಅದು ತನ್ನಷ್ಟಕ್ಕೆ ಕೂಡಿಹಾಕಿಕೊಂಡಿದ್ದ ತಾತ್ಕಾಲಿಕ ಫೈಲುಗಳನ್ನೆಲ್ಲ ಅಳಿಸಿದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ. ಡಿಸ್ಕಿನಲ್ಲಿ ಜಾಗ ಸಾಲದೇನೋ ಎಂದು ಹಳೆಯ ಕೆಲಸಗಳನ್ನು ಎತ್ತಂಗಡಿ ಮಾಡಿದೆ. ಹೊಸ ಪ್ರಾಜೆಕ್ಟ್ ತೆರೆದು ಇಡೀ ಚಿತ್ರವನ್ನು ಅದಕ್ಕೆ ಸುರಿದೆ. ಏನೇ ಮಾಡಿದರೂ, ಚಿತ್ರವನ್ನು ಒಂದೇ ಫೈಲಾಗಿ ಹೊರತೆಗೆಯಲು ಹೊರಟರೆ, ಮುಕ್ಕಾಲು ಭಾಗ ಸರಾಗವಾಗಿ ಸಾಗಿ ಹಳೆಯ ಪಂಪು ತಿರುಗುವ ದೃಶ್ಯದ ಹತ್ತಿರ ಕೈ ಕೊಡುತ್ತಿತ್ತು. ಅಮ್ಮ ತಂದಿಟ್ಟಿದ್ದ ಕಾಫಿ ಆರಿ ಕೆನೆಗಟ್ಟಿತ್ತು. ನನ್ನ ಗಂಟಲೂ ಆರಿತ್ತು.

ಕೊನೆಗೆ, ನನಗೆ ಎಡಿಟಿಂಗ್ ಕಲಿಸಿದ ಮೇಷ್ಟ್ರಿಗೆ ಫೋನ್ ಹಚ್ಚಿದೆ.

“ಆ ಪಂಪಿನ ಶಾಟ್ ತೆಗೆದು ನೋಡಿದ್ಯಾ?” ಅಂದರು.

“ನೋಡ್ದೆ ಸರ್. ಬೇರೆ ಶಾಟ್ ಹಾಕಿದ್ರೂ ಅಲ್ಲೇ ಸಾಯತ್ತೆ.”

“ಹಾಗಿದ್ರೆ ಕಣ್ಣಿಗೆ ಕಾಣೋದ್ರಲ್ಲಿ ತಪ್ಪಿಲ್ಲ. ಅಡಿಸಾಲಲ್ಲಿ ಏನಿಟ್ಟಿದ್ದೀಯ?”

“ಏನಿಲ್ಲ ಸರ್.”

“ನನ್ನ ಹತ್ರ ಆ ನಾಟಕ ಬೇಡ. ಬಿಸಾಕೋಕೆ ಮನಸ್ಸು ಬರದೆ ಇರೋದನ್ನ ಅಡಿಗೆ ತಳ್ಳಿ ಮೇಲೊಂದು ಹೊದಿಸೋದು ಈ ಕಸುಬಿನವರೆಲ್ಲರ ಚಾಳಿ. ನಾನೇ ಮಾಡ್ತೀನಿ. ಇನ್ನು ನೀನು ಮಾಡ್ದೆ ಇರ್ತೀಯಾ?”

ಅವರು ಹೇಳಿದ್ದು ನಿಜ. ನಾವು ವಿಡಿಯೊಗಳನ್ನು ಸಾಲುಸಾಲಾಗಿ ಒಂದರ ಮೇಲೊಂದು ಇಡುತ್ತೇವೆ. ನೋಡುವವರಿಗೆ ಕಾಣುವುದು ಮೇಲಿನ ಸಾಲು ಮಾತ್ರ. ತಿರುಗುವ ಪಂಪಿನ ಅಡಿಯಲ್ಲಿ, ದನಿಯನ್ನು ಸೊನ್ನೆಗಿಳಿಸಿ, ನಾನು ಬಚ್ಚಿಟ್ಟಿದ್ದದ್ದು ನನ್ನ ಅಣ್ಣನನ್ನು.

ಅಣ್ಣನಿಗೂ ಅಪ್ಪನೇ ಪಂಪ್‌ಹೌಸಿನಲ್ಲಿ ಕೆಲಸ ಕೊಡಿಸಿದ್ದರು. ಒಂದು ಪಾಳಿಯಲ್ಲಿ ಅವನು ನಿದ್ದೆಗೆ ಜಾರಿದ. ಟ್ಯಾಂಕು ತುಂಬಿ ಉಕ್ಕಿ, ಕೆಳಗಿನ ಮನೆಗಳಿಗೆ ನೀರು ನುಗ್ಗಿತು. ವಾಲ್ವ್ ಕೆಟ್ಟಿತ್ತು ಅಂತ ಹೇಳಿಬಿಡೋಣ ಎಂದು ಜೊತೆಗಾರರೆಲ್ಲ ಒಂದಾಗಿದ್ದರು. ಅಪ್ಪ ನೇರವಾಗಿ ಮೇಲಧಿಕಾರಿಯ ಮುಂದೆ ನಿಂತು, “ವಾಲ್ವ್ ಸರಿಯಿತ್ತು. ನನ್ನ ಮಗ ಮಲಗಿದ್ದ” ಅಂದರು. ಅಣ್ಣನ ಕೆಲಸ ಹೋಯಿತು. ಅವನು ಮನೆ ಬಿಟ್ಟ, ಅಪ್ಪನ ಜೊತೆ ಮಾತು ಬಿಟ್ಟ. ಅಂದಿನಿಂದ ಪಂಪ್‌ಹೌಸಿನಲ್ಲಿ ಅಪ್ಪನಿಗೆ ಬೆನ್ನ ಹಿಂದೆ ಒಂದೇ ಹೆಸರು: ಮಗನ ಹೊಟ್ಟೆ ಮೇಲೆ ಹೊಡೆದವನು. ಅದು ಅಪ್ಪನ ಕಿವಿಗೂ ಬಿದ್ದಿತ್ತು.

ಸಿನಿಮಾದ ಸುದ್ದಿ ಕೇಳಿ, ಕಳೆದ ವಾರ ಅಣ್ಣ ಫೋನಿನಲ್ಲೇ ತನ್ನದೊಂದು ವಿಡಿಯೊ ಮಾಡಿ ಕಳಿಸಿದ. ಅಪ್ಪ ಮಾತ್ರ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಅವನ ಮುಖ ಅದರಲ್ಲಿ ಬರಕೂಡದು.” ನಾನೋ, ಹಾಕಲೂ ಧೈರ್ಯವಿಲ್ಲ, ಅಳಿಸಲೂ ಧೈರ್ಯವಿಲ್ಲ. ಅಡಿಗೆ ತಳ್ಳಿದೆ. ಅದನ್ನೀಗ ಮೇಷ್ಟ್ರ ಮುಂದೆ ಒಪ್ಪಿಕೊಂಡೆ.

“ಫೋನಲ್ಲಿ ತೆಗೆದಿದ್ದಾ?” ಮೇಷ್ಟ್ರು ಕೇಳಿದರು. “ಅದರಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ವೇಗ ಒಂದೇ ಸಮ ಇರಲ್ಲ. ನಿನಗೆ ಕಾಣದಿದ್ರೂ ಮೆಷಿನ್ನು ಅದನ್ನ ಓದೋಕೆ ಹೋಗತ್ತೆ, ಓದಲಾರದೆ ಬೀಳತ್ತೆ. ಅದನ್ನ ಬೇರೆ ನಮೂನೆಗೆ ಬದಲಾಯಿಸಿ ಹಾಕು. ಇಲ್ಲ, ಪೂರ್ತಿ ತೆಗೆದುಹಾಕು. ಎರಡರಲ್ಲಿ ಒಂದು ಮಾಡು, ತಾಯಿ.”

ಬದಲಾಯಿಸಿದೆ. ಅದಕ್ಕೆ ಎಷ್ಟು ಹೊತ್ತು ಬೇಕು! ಸರಿಯಾಯಿತೋ ಇಲ್ಲವೋ ನೋಡಬೇಕಿತ್ತು. ಹೆಡ್‌ಫೋನ್ ಬೆವರಿಗೆ ಒದ್ದೆಯಾಗಿ ಕಿವಿ ಉರಿಯುತ್ತಿತ್ತು. ಸಿಟ್ಟಿನಲ್ಲಿ ಕಿತ್ತು ಅತ್ತ ಇಟ್ಟು, ಸ್ಪೀಕರಿನಲ್ಲೇ ಹಾಕಿದೆ.

“ನಮ್ಮಪ್ಪ ಮಾಡಿದ್ದು ಸರಿ,” ಅಂದ ಅಣ್ಣ. ಸೊರಗಿದ್ದ. ಹಿಂದೆ ಯಾವುದೋ ಗೋದಾಮಿನ ಶಟರು. “ನಾನು ಮಲಗಿದ್ದೆ. ಕೆಳಗಿನ ಮನೇಲಿ ಮಕ್ಕಳಿದ್ರು. ನೀವೆಲ್ಲ ನನ್ನನ್ನ ಉಳಿಸೋಕೆ ಹೋದ್ರಿ, ಅಪ್ಪ ಆ ಮಕ್ಕಳ ಕಡೆ ನಿಂತ್ರು. ಅವರಿಗೆ ಬೇರೆ ಹೆಸರಿಡಬೇಡಿ. ಇದನ್ನ ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.”

ಮಧ್ಯದಲ್ಲಿ ಒಂದು ಕಡೆ ಚಿತ್ರ ತೊದಲಿದ ಹಾಗಿತ್ತು. ಮತ್ತೆ ಹಾಕಿ ನೋಡಿದೆ. ಚಿತ್ರ ಸರಿಯಿತ್ತು, ತೊದಲಿದ್ದು ಅವನೇ.

ನನಗೆ ಅಳು ಒತ್ತರಿಸಿ ಬಂತು. ಅಳುವಷ್ಟು ಪುರುಸೊತ್ತು ಇರಲಿಲ್ಲ. ಒಂದೇ ಒಂದು ಸಲ ಚಿತ್ರ ಹೊರತೆಗೆಯುವಷ್ಟು ಸಮಯ ಉಳಿದಿತ್ತು. ಪಂಪನ್ನು ಸರಿಸಿ ಅಣ್ಣನನ್ನು ಮೇಲೆ ತರಬೇಕು, ಇಲ್ಲವೇ ಅವನನ್ನು ತೆಗೆದೇಬಿಡಬೇಕು. ಮತ್ತೆ ಬಚ್ಚಿಟ್ಟರೆ ಈ ಯಂತ್ರ ಸುಮ್ಮನಿರುತ್ತಿತ್ತೇನೋ, ನನಗೇ ನಾಚಿಕೆಯಾಯಿತು.

ಆಗ ಅಪ್ಪ ಬಾಗಿಲಿಗೆ ಬಂದರು. ಇಸ್ತ್ರಿಯ ಬಿಸಿ ಆರದ ಬಿಳಿ ಶರ್ಟು, ಕುತ್ತಿಗೆವರೆಗೂ ಗುಂಡಿ.

“ಆಯ್ತಾ?”

“ಆಗ್ತಿದೆ ಅಪ್ಪಾ.”

ಅವರು ಹೋಗಲಿಲ್ಲ. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. “ಎಲ್ಲಾ... ಸರಿಯಾಗಿ ಬಂದಿದೆ ತಾನೆ?”

“ನೀವು ಹೇಳಿದ ಹಾಗೇ ಇದೆ,” ಅಂದೆ. ಸಭೆಯಲ್ಲಿ ಅಣ್ಣನ ಮುಖ ಬಂದು ಅಪ್ಪ ಎದ್ದು ನಡೆದುಬಿಟ್ಟರೆ? ಅವರ ಕೊನೆಯ ದಿನ ಅದೊಂದೇ ಎಲ್ಲರ ಬಾಯಿಗೆ ಬಿದ್ದರೆ? ಅವರು ತಲೆಯಾಡಿಸಿ ಹೋದರು. ನಾನು ಅಣ್ಣನನ್ನು ಆರಿಸಿ ಅಳಿಸುವ ಕೀಲಿ ಒತ್ತಿದೆ. ಸಾಫ್ಟ್‌ವೇರ್ ಹೂವೆತ್ತಿದಷ್ಟು ಹಗುರವಾಗಿ ಚಿತ್ರವನ್ನು ಪೂರ್ತಿ ಹೊರಗೆ ಹಾಕಿತು. ಅದರ ಮೇಲೆ ನನಗೆ ಆಗ ಬಂದಷ್ಟು ಕೋಪ ಬೆಳಗಿನಿಂದ ಬಂದಿರಲಿಲ್ಲ.

ಸಭೆಯಲ್ಲಿ ಚಿತ್ರ ಚೆನ್ನಾಗಿಯೇ ಓಡಿತು. ಜೊತೆಗಾರರು ತಮ್ಮತಮ್ಮ ಮುಖ ಕಂಡಾಗ ಕೇಕೆ ಹಾಕಿದರು. ಅಪ್ಪ ಮಾತ್ರ ಕುರ್ಚಿಯ ಅಂಚಿಗೆ ಬಂದು, ಮೈಯೆಲ್ಲ ಕಣ್ಣಾಗಿ ಕೂತಿದ್ದರು. ಪಂಪು ತಿರುಗಿತು, ಕೊನೆಗೆ ಪರದೆ ಕಪ್ಪಾಯಿತು, ಚಪ್ಪಾಳೆ ಬಿತ್ತು.

“ಇಷ್ಟೇನಾ?” ಅಂದರು ಅಪ್ಪ, ಜೋರಾಗಿ. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು.

ಹಾರ, ಭಾಷಣ, ಕೈಕುಲುಕಾಟ ಮುಗಿದು ಜನ ಏಳತೊಡಗಿದಾಗ ಅವರು ನನ್ನ ಪಕ್ಕಕ್ಕೆ ಬಂದು ಕೂತರು. “ನಿಮ್ಮಣ್ಣಂದು ಎಲ್ಲಿ?”

“ನೀವೇ ಬೇಡ ಅಂದ್ರಲ್ಲಪ್ಪಾ...”

“ಅಂದೆ. ಆಮೇಲೆ ಪಕ್ಕದ ರೂಮಲ್ಲಿ ಇಸ್ತ್ರಿ ಹಾಕ್ತಾ ಇದ್ದೆ. ಅವನ ಮಾತು ಎರಡೆರಡು ಸಲ ಕೇಳಿಸ್ತು. ಬಾಗಿಲಿಗೆ ಬಂದು ಕೇಳಿದ್ನಲ್ಲ ಪುಟ್ಟಿ, ಎಲ್ಲಾ ಬಂದಿದೆಯಾ ಅಂತ. ಇನ್ನೂ ಹೇಗೆ ಕೇಳ್ಬೇಕಿತ್ತು?”

“ಫೋನಲ್ಲಿದೆ ಅಪ್ಪಾ, ಈಗಲೇ ತೋರಿಸ್ತೀನಿ.”

“ನನಗೆ ಯಾಕೆ?” ಅಂದರು. ಬಾಗಿಲ ಕಡೆ ಹೊರಟಿದ್ದ ಬೆನ್ನುಗಳನ್ನು ನೋಡುತ್ತಿದ್ದರು. “ಇವರಿಗೆ ಕೇಳಿಸ್ಬೇಕಿತ್ತು.”

ಫೋನ್ ಹಿಡಿದು ವೇದಿಕೆಗೆ ಓಡಿದೆ. ಮೈಕಿನವನು ವೈರು ಸುತ್ತಿ ಕೈಗೆ ಹಾಕಿಕೊಂಡಿದ್ದ.

“ಮುಗೀತಲ್ಲಕ್ಕಾ?”

“ಮುಗಿದಿಲ್ಲ. ವೈರ್ ಹಾಕು!” ಅಂದವಳೇ, ಅದಕ್ಕೂ ಕಾಯದೆ, ಬಾಗಿಲು ದಾಟುತ್ತಿದ್ದವರ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ, “ಯಾರೂ ಹೋಗಬೇಡಿ! ನಮ್ಮಣ್ಣ ಮಾತಾಡೋದು ಬಾಕಿ ಇದೆ.”