ಚಾಪೆ ತೆಗೆದ ಮೇಲೆ

ಎಫಿಯ ಗಾಲ್ಫ್ ಕೋಲು ಮತ್ತೆ ಚೆಂಡಿಗಿಂತ ಮೊದಲು ನೆಲಕ್ಕೇ ಬಡಿಯಿತು. ಅಂಗೈಯಗಲದ ಹುಲ್ಲುಹೆಂಟೆ ಹಾರಿ ಅವಳ ಬೂಟಿನ ಮೇಲೆ ಬಿತ್ತು. ಚೆಂಡು ನಾಲ್ಕು ಮಾರು ಉರುಳಿ ನಿಂತಿತು.

ಗಂಡ ಗ್ರೆಗರ್ ಚೆಂಡಿನ ಕಡೆಗೆ ನಡೆದ. ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಜೋಡಿಯಾಟ. ಅವಳು ಕೆಡಿಸಿದ್ದನ್ನು ಅವನೇ ಎತ್ತಿ ನಿಲ್ಲಿಸಬೇಕು.

ಬೇಸಿಗೆಯ ಜೋಡಿ ಪಂದ್ಯಕ್ಕೆ ಹೆಸರು ಕೊಡಲು ಅಂದು ಸಂಜೆಯೇ ಕೊನೆಯ ಗಡುವು. ಇಷ್ಟು ವರ್ಷ ಗ್ರೆಗರ್ ತನ್ನ ತಂಗಿ ಕಟ್ರಿಯೋನಾಳ ಜೊತೆ ಆಡುತ್ತಿದ್ದ. ಶನಿವಾರ ಬಂತೆಂದರೆ ಅಣ್ಣತಂಗಿಯರು ಕಡಲ ದಂಡೆಯ ಗಾಲ್ಫ್ ಮೈದಾನಕ್ಕೆ, ಎಫಿ ಒಬ್ಬಳೇ ಸೂಪಿನ ಪಾತ್ರೆಯ ಮುಂದೆ. ಆಸ್ಪತ್ರೆಯ ಪ್ರಯೋಗಾಲಯದಿಂದ ನಿವೃತ್ತಳಾದ ದಿನವೇ ಅವಳು, ಮುಂದಿನ ಬೇಸಿಗೆಗೆ ನಿನ್ನ ಜೋಡಿ ನಾನು ಎಂದಿದ್ದಳು. ಇವತ್ತು ಬೆಳಗ್ಗೆ ಗಂಜಿ ಕಲಕುತ್ತ ಗ್ರೆಗರ್ ತೀರ್ಮಾನ ಹೇಳಿದ್ದ: ಬೀಸು ಹದಕ್ಕೆ ಬಂದಿದ್ದರೆ ನಮ್ಮಿಬ್ಬರ ಹೆಸರು, ಇಲ್ಲದಿದ್ದರೆ ತಂಗಿಗೆ ಫೋನು.

ಅವಳು ಹೆದರಿರಲಿಲ್ಲ. ಚಳಿಗಾಲವಿಡೀ ಹೊಡೆದದ್ದೆಲ್ಲ ನೆಟ್ಟಗೆ ಹೋಗಿತ್ತು. ಹುಲ್ಲು ಬೆಳೆಯದ ಆ ತಿಂಗಳುಗಳಲ್ಲಿ ನೆಲ ಕಿತ್ತುಹೋಗದಿರಲೆಂದು ಊರಿನವರೆಲ್ಲ ಪ್ಲಾಸ್ಟಿಕ್ ಹುಲ್ಲಿನ ಪುಟ್ಟ ಚಾಪೆಯೊಂದನ್ನು ಜೊತೆಗೊಯ್ದು, ಚೆಂಡನ್ನು ಅದರ ಮೇಲಿಟ್ಟೇ ಹೊಡೆಯುತ್ತಾರೆ. ಇನ್ನು ಚಾಪೆ ಬೇಡವೆಂದು ಕ್ಲಬ್ಬಿನವರು ಸಾರಿದ್ದು ಈ ವಾರ.

"ಕೈ ನಡುಗ್ತಿದೆ ನಿಂಗೆ," ಅಂದ ಗ್ರೆಗರ್. "ತಲೆ ಎತ್ತಬೇಡ ಅಂದ್ರೆ ಕೇಳಲ್ಲ."

"ತಲೆ ಎತ್ತಿಲ್ಲ."

"ಹಾಗಾದ್ರೆ ಚೆಂಡೇ ಮುನಿಸ್ಕೊಂಡಿರ್ಬೇಕು ಬಿಡು."

ಅಲ್ಲಿಂದ ಹೆಜ್ಜೆಗೊಂದು ಉಪದೇಶ. ಮೊಣಕಾಲು, ಹೆಗಲು, ಹಿಡಿತ. ಒಂದೊಂದನ್ನೂ ಅವಳು ಪಾಲಿಸಿದಳು, ಬೀಸು ಒಂದೊಂದಕ್ಕೂ ಹಾಳಾಯಿತು.

ಚೆಂಡು ಬೀಳಿಸಬೇಕಾದ ಕಡೆಯ ಕುಳಿಯ ಮುಂದೆ ಹಳ್ಳ. ಗ್ರೆಗರನ ಹೊಡೆತ ಚೆಂಡನ್ನು ಈಚೆ ದಡಕ್ಕೆ ತಂದಿಟ್ಟಿತ್ತು, ದಾಟಿಸಬೇಕಾದವಳು ಎಫಿ. ಅವನು ತನ್ನ ಚೀಲದ ತಳದಿಂದ ಅವಳ ಚಾಪೆಯನ್ನು ತೆಗೆದು ಹುಲ್ಲಿನ ಮೇಲೆ ಹಾಸಿದ.

"ಇದರ ಮೇಲಿಟ್ಟು ಹೊಡಿ. ಯಾರೂ ನೋಡ್ತಿಲ್ಲ. ದಾಟಿಸ್ದೆ ಅನ್ನೋ ಸಮಾಧಾನನಾದ್ರೂ ಇರ್ಲಿ ನಿಂಗೆ."

ಅವನ ದನಿಯಲ್ಲಿದ್ದ ಕರುಣೆ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತಂಗಿಗೆ ಫೋನು ಮಾಡುವುದು ಆಗಲೇ ಖಾತ್ರಿಯಾದಂತಿತ್ತು. ಅವಳು ಚಾಪೆಯನ್ನೇ ನೋಡುತ್ತ ನಿಂತಳು. ಚೆಂಡು ಇಡುವ ಜಾಗ ಹೊಸದರಂತೆ ಹಸಿರಾಗಿತ್ತು. ಅದಕ್ಕಿಂತ ನಾಲ್ಕು ಬೆರಳು ಹಿಂದೆ, ನಾರು ಸವೆದು ಬೋಳಾದ ಒಂದು ಬೂದು ಪಟ್ಟೆ. ಕೋಲು ಚಳಿಗಾಲವಿಡೀ ಅಲ್ಲೇ ಬಿದ್ದು, ಜಾರಿ ಹೋಗಿ ಚೆಂಡನ್ನು ಮುಟ್ಟುತ್ತಿತ್ತು. ಹುಲ್ಲುನೆಲ ಜಾರಗೊಡುವುದಿಲ್ಲ.

"ಗ್ರೆಗರ್, ಬಾ ಇಲ್ಲಿ. ಎಷ್ಟು ಕಡೆ ಸವೆದಿದೆ ನೋಡು."

"ಒಂದೇ ಕಡೆ. ಅದಕ್ಕೇನೀಗ?"

"ನನ್ನ ಕೈ ನಡುಗಲ್ಲ."

ಚಾಪೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಚೆಂಡನ್ನು ಇದ್ದಲ್ಲೇ ಬಿಟ್ಟು ತಾನು ಕುಳಿಯ ಕಡೆಗೆ ನಾಲ್ಕು ಬೆರಳಿನಷ್ಟು, ಮೇಲೊಂದು ಬೆರಳು ಸರಿದು ನಿಂತಳು. ಮೊಣಕಾಲು, ಹೆಗಲು, ಹಿಡಿತ ಎಲ್ಲ ಮರೆತು ಚಳಿಗಾಲದ ಬೀಸನ್ನೇ ಬೀಸಿದಳು.

ಮೊದಲು ಚೆಂಡಿನ ಸದ್ದು, ಆಮೇಲೆ ನೆಲದ್ದು. ತಲೆ ಎತ್ತಲಿಲ್ಲ. ಹಳ್ಳದಲ್ಲಿ ನೀರು ಚಿಮ್ಮುವುದಕ್ಕೆ ಕಿವಿಗೊಟ್ಟು ನಿಂತಳು. ಕಡಲ ಗಾಳಿಯೊಂದೇ ಕೇಳುತ್ತಿತ್ತು.

ಗ್ರೆಗರ್ ಆಚೆ ದಡದಲ್ಲಿ ನಿಂತ ಚೆಂಡನ್ನು ನೋಡಿದ. ಆಮೇಲೆ ಬಗ್ಗಿ, ಹಾರಿ ಬಿದ್ದಿದ್ದ ಹುಲ್ಲುಹೆಂಟೆಯನ್ನು ಕಿತ್ತ ಜಾಗದಲ್ಲಿ ಕೂರಿಸಿ ಬೂಟಿನಿಂದ ಮೆಲ್ಲಗೆ ಒತ್ತಿದ. ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಹಳ್ಳದ ಕಾಲುಸೇತುವೆಯಲ್ಲಿ ಒಬ್ಬರಿಗಷ್ಟೇ ಜಾಗ. ಅಲ್ಲಿಗೆ ಹೋಗಿ ಒತ್ತಟ್ಟಿಗೆ ಸರಿದು, ಅವಳು ಮೊದಲು ದಾಟಲೆಂದು ಕಾದು ನಿಂತ.