ಮೂರು ಸಲ ಕೂಗಿ, ಆಮೇಲೆ ಇಳಿಯಿರಿ

ಹೇಮಪ್ಪ ಅಜ್ಜನಿಗೆ ಎಪ್ಪತ್ತೆರಡು ವರ್ಷ. ತಲೆಗೆ ಬಿಳಿ ರುಮಾಲು, ತುಟಿ ಮುಚ್ಚುವ ಮೀಸೆ, ಒಕ್ಕಲುತನದಲ್ಲಿ ಐವತ್ತು ವರ್ಷದ ಅನುಭವ. ‘ಕಟ್ಟಿ’ ಎಂಬ ಆ್ಯಪಿನಲ್ಲಿ ಅವರ ಮಾತೆಂದರೆ ಮಾತು. ಒಂದೇ ತೊಂದರೆ, ಅಂಥ ಅಜ್ಜ ಭೂಮಿಯ ಮೇಲೆ ಇಲ್ಲ. ಆ ಅಜ್ಜ ನಾನೇ. ಹೆಸರು ಮುತ್ತುರಾಜ, ವಯಸ್ಸು ಹತ್ತೊಂಬತ್ತು, ಬೆಟಗೇರಿಯ ನೇಕಾರರ ಓಣಿ. ಮೀಸೆ ಇನ್ನೂ ದಾರಿಯಲ್ಲಿದೆ.

ಕಟ್ಟಿ ಎಂದರೆ ನಮ್ಮ ಕಡೆಯ ಮಂದಿ ಸೇರುವ ಪ್ರಶ್ನೋತ್ತರದ ಜಾಗ. ಊರ ಕಟ್ಟೆಯ ಮೇಲೆ ಕೂತು ಕೇಳಿದಂತೆ ಯಾರು ಏನು ಬೇಕಾದರೂ ಕೇಳಬಹುದು, ಗೊತ್ತಿದ್ದವರು ಹೇಳಬಹುದು. ಉತ್ತರ ಹಿಡಿಸಿದರೆ ಬೆಲ್ಲ, ಹಿಡಿಸದಿದ್ದರೆ ಬೇವು. ಬೆಲ್ಲ ಹೆಚ್ಚು ಬಿದ್ದ ಉತ್ತರ ಮೇಲೇರುತ್ತದೆ. ಹತ್ತು ಬೇವು ಬಿದ್ದದ್ದು ಮಡಿಚಿಕೊಂಡು ತಳಕ್ಕೆ ಹೋಗುತ್ತದೆ, ಬೆರಳಿಟ್ಟು ಬಿಡಿಸಿದರೆ ಮಾತ್ರ ಕಾಣುತ್ತದೆ. ಎಲ್ಲಕ್ಕೂ ಮೇಲೆ ‘ಕಟ್ಟಿಯ ರೀತಿ-ರಿವಾಜು’ ಎಂಬ ಉದ್ದನೆಯ ಪಟ್ಟಿ. ಸಿನಿಮಾ ಶುರುವಾಗುವ ಮೊದಲು ಬರುವ ಸಿಗರೇಟಿನ ಎಚ್ಚರಿಕೆಯನ್ನು ನೋಡಿದಷ್ಟೇ ಶ್ರದ್ಧೆಯಿಂದ ನಾನು ಅದನ್ನು ನೋಡಿದ್ದೆ.

ಗುರುವಾರ ಸಂಜೆ ಒಂದು ಪ್ರಶ್ನೆ ಬಂತು. ಕೇಳಿದವರು ಸ್ನೇಹಾ, ಅಸುಂಡಿ.

“ನಮ್ಮ ಹಿತ್ತಲದಾಗ ಹಳೇ ಹಗೇವು ಐತಿ. ಇಪ್ಪತ್ತು ವರ್ಷದಿಂದ ಮುಚ್ಚೇತಿ. ಅದರ ಬಾಜೂಕ ಹೊಸಾ ಖೋಲಿ ಕಟ್ಟಸಾಕತ್ತೀವಿ. ಒಳಗ ಇಳದು ಗೋಡಿ ಗಟ್ಟಿ ಐತೇನು ನೋಡಬೇಕಂತ ಮೇಸ್ತ್ರಿ ಹೇಳ್ಯಾರ. ಮುಚ್ಚಳಾ ತಗದು ಎಷ್ಟೊತ್ತಿಗೆ ಇಳೀಬಹುದು?”

ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ಒಂದು ಖೋಲಿಯಷ್ಟು. ಇಷ್ಟನ್ನೂ ನಾನು ಕೇಳಿ ಬಲ್ಲೆ, ಕಣ್ಣಿಂದ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಇರುವ ಒಂದೇ ಕುಣಿ ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿ. ಆದರೆ ಹೇಮಪ್ಪ ಅಜ್ಜನಿಗೆ ಗೊತ್ತಿಲ್ಲ ಎಂದರೆ ಹೇಗೆ? ಸಿನಿಮಾ ಹೀರೋನಂತೆ, ಕ್ಯಾಮೆರಾ ನನ್ನ ಮೇಲೇ ಇದೆ ಎಂದುಕೊಂಡೆ. ಬರೆದೆ:

“ಮಗಳೇ, ಹೆದರಬೇಡ. ನನ್ನ ಕೈಯಿಂದ ನೂರು ಹಗೇವು ತೆಗೆದಿದ್ದೇನೆ. ಮುಚ್ಚಳ ತೆಗೆದು ಅರ್ಧ ತಾಸು ಬಿಡು. ಬಾಯಿಯಲ್ಲಿ ನಿಂತು ಇಳಿಯುವವರ ಹೆಸರನ್ನು ಮೂರು ಸಲ ಕೂಗು. ಮೂರೂ ಸಲ ದನಿ ತಿರುಗಿ ಬಂದರೆ ಒಳಗೆ ಗಾಳಿ ಶುದ್ಧ. ಮಣ್ಣು ಸುಳ್ಳು ಹೇಳುವುದಿಲ್ಲ, ಮಗಳೇ. ಮನುಷ್ಯ ಹೇಳುತ್ತಾನೆ.”

ಕೊನೆಯ ಸಾಲು ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕೊಂಡಿಯನ್ನು ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ನಮ್ಮಲ್ಲೊಂದು ಕರಾರು ಇತ್ತು: ಅಜ್ಜನಿಗೆ ಬೆಲ್ಲ, ಅಜ್ಜನ ಎದುರು ಮಾತಾಡಿದವರಿಗೆ ಬೇವು. ಹತ್ತು ನಿಮಿಷದಲ್ಲಿ ನಾನು ಮೇಲಿದ್ದೆ.

ಎದುರು ಮಾತಾಡಿದವರು ಒಬ್ಬರೇ. ಬಾನುಬಿ, ಲಕ್ಷ್ಮೇಶ್ವರ. “ಕೂಗೂದು ಗೀಗೂದು ಎಲ್ಲಾ ಸುಳ್ಳು. ಎರಡು ದಿನ ತಗದಿಡ್ರಿ. ಹಗ್ಗಕ್ಕ ಕಂದೀಲು ಕಟ್ಟಿ ತಳದ ತನಕ ಬಿಡ್ರಿ…” ಅಲ್ಲಿಗೆ ‘ಇನ್ನಷ್ಟು ಓದಿ’ ಎಂದಿತ್ತು. ನಾನು ಓದಲಿಲ್ಲ. ಕೆಳಗೆ ಬರೆದೆ: “ತಂಗೀ, ದೀಪ ಬೆಳಗಾಕ ಇದೇನು ಗುಡಿಯೇನು?” ಗುಂಪು ನಕ್ಕಿತು. ಹನ್ನೊಂದು ಬೇವು ಬಿದ್ದು ಬಾನುಬಿ ಮಡಿಚಿಹೋದರು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಎದ್ದು, ಬೆಲ್ಲ ಎಷ್ಟಾಯಿತೆಂದು ನೋಡಲು ಫೋನು ತೆಗೆದೆ. ಸ್ನೇಹಾ ರಾತ್ರಿಯೇ ಕಳಿಸಿದ ಒಂದು ಖಾಸಗಿ ಸಂದೇಶ ಕಾದಿತ್ತು.

“ಭಾಳ ಉಪಕಾರ ಆತ್ರಿ ಅಜ್ಜಾರ. ನೀವು ಹೇಳಿದಂಗ ನಾಳೆ ಹತ್ತಕ್ಕ ನಮ್ಮ ಕೊಟ್ರೇಶ ಕಾಕಾ ಇಳೀತಾರ.”

ನಾಳೆ ಎಂದರೆ ಇವತ್ತು. ಆಗಲೂ ನನಗೆ ನಗುವೇ ಬಂದಿತ್ತು. ಯಾರೋ ಒಬ್ಬ ಕಾಕಾ ಹಿತ್ತಲಲ್ಲಿ ನಿಂತು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವ ಸೀನು ಕಣ್ಣಮುಂದೆ ಬಂತು. ಸುಮ್ಮನೆ ಬೆರಳಾಡಿಸುತ್ತ ಕೆಳಗೆ ಹೋದೆ. ಮಡಿಚಿದ ಬಾನುಬಿಯ ಉತ್ತರ ಬಿಡಿಸಿಕೊಂಡಿತು.

“…ದೀಪ ಆರಿದ್ರ ಯಾರೂ ಇಳೀಬ್ಯಾಡ್ರಿ. ಇಳೀದ ಇದ್ರ ಇನ್ನೂ ಚೊಲೊ. ಒಳಗಿನ ಗಾಳಿಗೆ ವಾಸನಿ ಇರೂದಿಲ್ಲ, ಬಣ್ಣ ಇರೂದಿಲ್ಲ. ನನ್ನ ತಮ್ಮ ಇಳದ, ಕುಂತಂಗ ಕುಂತ. ಅವನ್ನ ಎತ್ತಾಕ ನಮ್ಮ ಮಾವ ಇಳದ್ರು. ಇಬ್ಬರೂ ಮ್ಯಾಲೆ ಬರಲಿಲ್ಲ.”

ಗಡಿಯಾರ ಒಂಬತ್ತು ಮೂವತ್ತೆಂಟು ತೋರಿಸುತ್ತಿತ್ತು.

ಆಗ ನಾನು ಮಾಡಿದ ಮೊದಲ ಕೆಲಸವನ್ನು ಹೇಳಲು ಈಗಲೂ ನಾಚಿಕೆ. ಸ್ನೇಹಾಗೆ ‘ಬೇಡ’ ಎಂದು ಬರೆಯಲಿಲ್ಲ. ನನ್ನ ಉತ್ತರವನ್ನು ಅಳಿಸಿದೆ. ಕುರುಹು ಇಲ್ಲದಂತೆ. ಅಜ್ಜನ ಖಾತೆಯನ್ನೂ ಅಳಿಸಲು ಬೆರಳು ಹೋಗಿತ್ತು, ಅಷ್ಟರಲ್ಲಿ ಆ್ಯಪು ನಿಯಮಪಟ್ಟಿಯ ಒಂದು ಸಾಲನ್ನು ಕಣ್ಣಿಗೆ ಹಿಡಿಯಿತು: ‘ತಪ್ಪು ಉತ್ತರವನ್ನು ಅಳಿಸಬೇಡಿ. ಅದರ ಕೆಳಗೇ ತಪ್ಪೆಂದು ಬರೆಯಿರಿ. ಓದಿದವರು ಓದಿಬಿಟ್ಟಿರುತ್ತಾರೆ. ಬರೆದರೆ ಅವರಿಗೆ ಗಂಟೆ ಬಾರಿಸುತ್ತದೆ, ಅಳಿಸಿದರೆ ಬಾರಿಸುವುದಿಲ್ಲ. ಅಳಿಸಿದವರು ಆ ಪ್ರಶ್ನೆ ಕೇಳಿದವರಿಗೆ ಒಂದು ದಿನ ಏನನ್ನೂ ಬರೆಯುವಂತಿಲ್ಲ.’

ಒಂದು ದಿನ. ನನ್ನ ಬಳಿ ಇಪ್ಪತ್ತೆರಡು ನಿಮಿಷ ಇತ್ತು.

ವೀರು ನನ್ನ ಕಾಲೇಜಿನ ಜೋಡಿ. ಮಗ್ಗದ ಸದ್ದಿನ ನಡುವೆ ಅವನಿಗೆ ಫೋನು ಹಚ್ಚಿದೆ.

“ಲೇ, ಗಾಡಿ ತಗೊಂಡು ಬಾ. ಅಸುಂಡಿಗೆ ಹೋಗಬೇಕು. ಒಬ್ಬರು ಸಾಯ್ತಾರ.”

“ಎಂಟ್ರಿ ಭಾರಿ ಐತಿ. ಮುಂದಿನ ಡೈಲಾಗ್ ಹೇಳು.”

“ವೀರು, ಖರೇನ.”

ನಾನು ಡೈಲಾಗು ಹೊಡೆಯದೆ ಮಾತಾಡಿದ್ದು ಬಹುಶಃ ಅದೇ ಮೊದಲು. “ಬಂದೆ” ಎಂದ.

ಗಾಡಿಯ ಹಿಂದೆ ಕೂತು ವೀರುವಿನ ಫೋನು ಇಸಿದುಕೊಂಡು ಅವನ ಖಾತೆಯಿಂದ ಬರೆದೆ: “ಯಾರೂ ಹಗೇವಿಗೆ ಇಳೀಬ್ಯಾಡ್ರಿ. ಅಜ್ಜ ಹೇಳಿದ್ದು ಸುಳ್ಳು.” ವೀರುವಿನ ಖಾತೆಯ ಹೆಸರು ‘ಡೈಲಾಗ್ ದಾದಾ’. ಟಾಂಗಾ ಕೂಟದ ಸರ್ಕಲ್ ದಾಟುವಷ್ಟರಲ್ಲಿ ನಮ್ಮ ಗುಂಪಿನವರೇ ನೋಡಿದರು. ಅಜ್ಜನ ಎದುರು ಮಾತಾಡಿದವರಿಗೆ ಬೇವು. ಹತ್ತು ಬಿದ್ದವು. ನನ್ನ ಕಣ್ಣೆದುರಿಗೇ ಆ ಸಾಲು ಮಡಿಚಿಕೊಂಡು ತಳಕ್ಕೆ ಹೋಯಿತು.

“ಏನಾತು?” ವೀರು ಹಿಂದೆ ನೋಡದೆ ಕೇಳಿದ.

“ನಮ್ಮ ಹುಡುಗರು.”

“ಚೊಲೊ ಕೆಲಸ ಮಾಡ್ತಾವ ನಮ್ಮ ಹುಡುಗರು.”

ಇಬ್ಬರೂ ನಗಲಿಲ್ಲ. ಒಂದು ಲಾರಿ, ಅದರ ಹಿಂದೆ ಇನ್ನೊಂದು ಲಾರಿ, ಅದರ ಹಿಂದೆ ನಾವು. ಹತ್ತಕ್ಕೆ ಐದು ನಿಮಿಷ ಇತ್ತು. ಕುಂತಂಗ ಕುಂತ, ಕುಂತಂಗ ಕುಂತ ಎಂದು ಗಾಡಿಯ ಎಂಜಿನ್ನು ಹೇಳುತ್ತಿತ್ತು. ಆ ಕೊಟ್ರೇಶ ಕಾಕಾ ಹೇಗಿರಬಹುದು, ಮಕ್ಕಳಿದ್ದಾರೋ ಇಲ್ಲವೋ ಎಂದು ಯೋಚಿಸದಿರಲು ನೋಡಿದೆ. ಅದನ್ನೇ ಯೋಚಿಸಿದೆ.

ಅಸುಂಡಿಯ ಮೊದಲ ಅಂಗಡಿಯ ಎದುರು ಗಾಡಿ ನಿಂತಿತು. “ಇವತ್ತ ಹಗೇವು ತಗಿಯಾಕತ್ತಾರಲ್ಲ, ಆ ಮನಿ ಎಲ್ಲೈತ್ರಿ?”

ಅಂಗಡಿಯವರು ಅವಸರವಿಲ್ಲದೆ ಅಡಿಕೆ ಕತ್ತರಿಸುತ್ತ ಹೇಳಿದರು: “ಚನ್ನಬಸವಣ್ಣಾರ ಮನಿ. ಬೇವಿನ ಗಿಡದ ಬಾಜೂಕ. ನೀವು ಏನು ಮೇಸ್ತ್ರಿ ಮಂದಿಯೇನು?”

ನಾವು ಆಗಲೇ ಓಡುತ್ತಿದ್ದೆವು.

ಹಿತ್ತಲಲ್ಲಿ ನಾಲ್ಕು ಜನ. ರುಮಾಲು ಸುತ್ತಿದ ಹಿರಿಯರು, ಅವರೇ ಚನ್ನಬಸವಣ್ಣ, ಕೈಯಲ್ಲಿ ಹಗ್ಗ ಹಿಡಿದಿದ್ದರು. ಕಟ್ಟೆಯ ಮೇಲೆ ಅವರ ತಾಯಿ ಗುರುಸಿದ್ದವ್ವ. ಪಕ್ಕದಲ್ಲಿ ಒಂದು ಹಾಳೆ ಹಿಡಿದು ನಿಂತ ಹುಡುಗಿ, ಸ್ನೇಹಾ. ನಾಲ್ಕನೆಯವರದು ಎದೆಯ ಮೇಲಿನ ಭಾಗ ಮಾತ್ರ ಕಾಣುತ್ತಿತ್ತು. ಉಳಿದದ್ದು ನೆಲದೊಳಗೆ ಇತ್ತು.

“ಇಳೀಬ್ಯಾಡ್ರಿ,” ಎಂದೆ. ದನಿ ಒಡೆದು ಬಂತು. “ಕಾಕಾರ, ಮ್ಯಾಲೆ ಬರ್ರಿ.”

ಕೊಟ್ರೇಶ ಕಾಕಾ ತಲೆ ಎತ್ತಿ ನೋಡಿದರು. ಗೋಡೆಯಲ್ಲಿ ಕೊರೆದ ಮೆಟ್ಟಿನ ಮೇಲೆ ಕಾಲಿಟ್ಟು ಆರಾಮವಾಗಿ ನಿಂತಿದ್ದರು. “ಇವನ್ಯಾರಲೇ? ಸಿನಿಮಾದಾಗ ಮದವಿ ನಿಂದ್ರಸವರಂಗ ಬಂದಾನ.”

“ಒಳಗಿನ ಗಾಳಿ ಸರಿ ಇಲ್ರಿ.”

“ಸರಿ ಐತಿ,” ಎಂದಳು ಸ್ನೇಹಾ. ಕೈಯ ಹಾಳೆ ತೋರಿಸಿದಳು. ನನ್ನ ಉತ್ತರವನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದಳು, ಮಣ್ಣು ಸುಳ್ಳು ಹೇಳುವುದಿಲ್ಲ ಎಂಬ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದಳು. “ಅರ್ಧ ತಾಸು ಬಿಟ್ಟೇವಿ. ಮೂರು ಸಲ ಕೂಗೇವಿ. ಮೂರೂ ಸಲ ತಿರುಗಿ ಬಂತು.”

“ಅದು ಬರತೈತಿ. ಎಲ್ಲಾ ಹಗೇವಿನಾಗೂ ಬರತೈತಿ. ಅದು ನಾ ಮಾಡಿದ ಚೇಷ್ಟಿ.”

“ನೀ ಅಲ್ಲ, ಹೇಮಪ್ಪ ಅಜ್ಜಾರು ಹೇಳ್ಯಾರ.”

“ನಾನ ಹೇಮಪ್ಪ ಅಜ್ಜ.”

ಚನ್ನಬಸವಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ತಮ್ಮಾ, ಮುಂಜಾನೆ ಮುಂಜಾನೆ ಏನು ಕುಡದೀಯೇನು? ಅಜ್ಜಾರಿಗೆ ಎಪ್ಪತ್ತೆರಡು ವರ್ಷ.”

“ಇವ ಖರೇನ ಹೇಳಾಕತ್ತಾನ್ರಿ,” ಎಂದ ವೀರು.

“ನೀ ಯಾರು, ಅಜ್ಜಿಯೇನು?” ಎಂದರು ಕೊಟ್ರೇಶ ಕಾಕಾ. “ನಡೀರಿ ನಡೀರಿ, ಆ ಕಡೆ ನಿಂತು ನಾಟಕ ಮಾಡ್ರಿ. ಮೇಸ್ತ್ರಿ ಬರೂ ಹೊತ್ತಾತು.” ಎಂದವರೇ ಇನ್ನೊಂದು ಮೆಟ್ಟು ಇಳಿದರು. ಎದೆ ಹೋಯಿತು. ಭುಜ ಹೋಯಿತು.

ಫೋನು ತೆಗೆದು ಅಜ್ಜನ ಖಾತೆ ತೆರೆದು ಸ್ನೇಹಾಳ ಮುಖಕ್ಕೆ ಹಿಡಿದೆ. ಅವಳದೇ ಸಂದೇಶ, ಅವಳೇ ಬರೆದ ಅಕ್ಷರ: ಭಾಳ ಉಪಕಾರ ಆತ್ರಿ ಅಜ್ಜಾರ.

ಅವಳು ಓದಿದಳು. ರುಮಾಲಿನ ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಮುಖದ ಬಣ್ಣ ಇಳಿಯಿತು.

“ಅಪ್ಪಾ,” ಎಂದಳು ಮೆಲ್ಲಗೆ, “ಕಾಕಾನ್ನ ಎಳೀ.”

ಹಗೇವಿನ ಬಾಯಿಯಲ್ಲಿ ಆಗ ಕೊಟ್ರೇಶ ಕಾಕಾರ ತಲೆಗೂದಲು ಮತ್ತು ಎರಡು ಕೈ ಮಾತ್ರ ಕಾಣುತ್ತಿದ್ದವು. ಚನ್ನಬಸವಣ್ಣ ಹಗ್ಗ ಜಗ್ಗಿದರು. ನಾನೂ ವೀರುವೂ ಮಣ್ಣಿಗೆ ಬಿದ್ದು ಒಂದೊಂದು ತೋಳು ಹಿಡಿದೆವು. ಕಾಕಾ ಬೈಯುತ್ತ ಮೇಲೆ ಬಂದರು. ಮೊದಲು ಜೋರಾಗಿ ಬೈದರು, ಆಮೇಲೆ ಬೈಗುಳದ ನಡುವೆ ಉಸಿರು ಹುಡುಕಿದರು, ಆಮೇಲೆ ಸುಮ್ಮನೆ ಬೇವಿನ ಗಿಡಕ್ಕೆ ಒರಗಿ ಕೂತರು.

“ಏನಿಲ್ಲ,” ಎಂದರು. “ತಲಿ ಸೊಲ್ಪ ಗಿಂ ಅಂತು. ಬಿಸಲಿಗೆ ಇರಬೇಕು.”

ಬಿಸಿಲು ಇನ್ನೂ ಆ ಕಡೆಯ ಗೋಡೆ ದಾಟಿರಲಿಲ್ಲ.

“ಕಂದೀಲು ಐತೇನ್ರಿ?” ಎಂದು ಕೇಳಿದೆ.

ಸ್ನೇಹಾ ಒಳಗಿಂದ ತಂದು ಹಚ್ಚಿದಳು. ಚನ್ನಬಸವಣ್ಣ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಎಲ್ಲರೂ ದೂರದಿಂದಲೇ ಬಗ್ಗಿ ನೋಡಿದೆವು. ಹಳದಿ ಬೆಳಕು ಗೋಡೆಯ ಮೆಟ್ಟುಗಳನ್ನು ತೋರಿಸುತ್ತ ಇಳಿಯಿತು. ಒಂದು ಮೆಟ್ಟು, ಎರಡು, ಮೂರು. ಒಬ್ಬ ಆಳಿನಷ್ಟು ಇಳಿದಿತ್ತು. ಗಾಳಿ ಬೀಸಲಿಲ್ಲ, ದೀಪ ಹೊಯ್ದಾಡಲಿಲ್ಲ. ಯಾರೋ ಎರಡು ಬೆರಳಿಂದ ಒತ್ತಿದಂತೆ ಸುಮ್ಮನೆ ಹೋಯಿತು.

ಚನ್ನಬಸವಣ್ಣ ಇನ್ನೊಮ್ಮೆ ಹಚ್ಚಿ ಬಿಟ್ಟರು. ಅದೇ ಮೆಟ್ಟು, ಅದೇ ಕತ್ತಲೆ. ಕೊಟ್ರೇಶ ಕಾಕಾ ಆ ಮೆಟ್ಟನ್ನೇ ನೋಡುತ್ತ ತಮ್ಮ ಪಾದಗಳನ್ನು ಕೈಯಿಂದ ಮುಟ್ಟಿಕೊಂಡರು.

ಗುರುಸಿದ್ದವ್ವ ಕಟ್ಟೆಯ ಮೇಲಿಂದ ಹೇಳಿದರು: “ನಮ್ಮ ಮಾವನ ಕಾಲದಾಗೂ ದೀಪ ಬಿಡತಿದ್ರು. ನಾ ಅಡಗಿ ಮನ್ಯಾಗಿಂದ ನೋಡತಿದ್ದೆ. ಹೆಣ್ಮಕ್ಕಳನ್ನ ಹಗೇವಿನ ಹತ್ರ ಬಿಡತಿರಲಿಲ್ಲ. ನಾ ಅದನ್ನ ಪೂಜಿ ಅಂತ ತಿಳಕೊಂಡಿದ್ದೆ. ನಿನ್ನೆ ಈಕಿಗೆ ಹೇಳಲೇನು ಅಂತ ಮಾಡಿದ್ದೆ. ಅಜ್ಜಾರು ಶ್ಯಾಣ್ಯಾರು, ನನಗೇನು ಗೊತ್ತು ಅಂತ ಸುಮ್ಮನಾದೆ.”

ದೀಪ ಬೆಳಗಾಕ ಇದೇನು ಗುಡಿಯೇನು. ನನ್ನದೇ ಸಾಲು ನನ್ನ ಕಿವಿಯಲ್ಲಿ ಸುಡುತ್ತಿತ್ತು.

ಚನ್ನಬಸವಣ್ಣ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. “ಯಾರೂ ಇಳಿಯೂದಿಲ್ಲ,” ಎಂದರು. “ಮ್ಯಾಲಿಂದನ ಮಣ್ಣು ಸುರೀತೀವಿ. ಖೋಲಿ ಆ ಕಡೆ ಕಟ್ಟಸ್ತೀವಿ.” ಆಮೇಲೆ ಕೇಳಿದರು: “ಇಂಥಾವು ಇನ್ನ ಎಷ್ಟು ಬರದೀಯೋ?”

ಲೆಕ್ಕ ನನಗೆ ಗೊತ್ತಿರಲಿಲ್ಲ. ಹಾವು ಕಡಿದದ್ದಕ್ಕೆ ಏನೋ ಬರೆದಿದ್ದೆ. ಕೂಸಿನ ಜ್ವರಕ್ಕೆ ಏನೋ ಬರೆದಿದ್ದೆ. ಬೆಲ್ಲ ಬಿದ್ದಿದ್ದು ನೆನಪಿತ್ತು, ಏನು ಬರೆದೆ ಎಂಬುದು ನೆನಪಿರಲಿಲ್ಲ.

“ಕುಂಡ್ರು,” ಎಂದರು ಗುರುಸಿದ್ದವ್ವ. “ಎಲ್ಲಾದರ ಕೆಳಗೂ ಸುಳ್ಳು ಅಂತ ಬರಿ. ಮೊದಲ ಆ ದೀಪ ಹೇಳಿದ ತಾಯಿಗೆ ಬರಿ. ನಿನ್ನ ಹೆಸರಿಂದ ಬರಿ, ಅಜ್ಜನ ಹೆಸರಿಂದಲ್ಲ. ನೀ ಬರಿಯೂತನಕ ನಾ ಇಲ್ಲೇ ಕುಂತಿರತೀನಿ.”

ಅವಳ ಪ್ರಶ್ನೆಯ ಕೆಳಗೆ ನನ್ನ ಖಾತೆಯಿಂದ ಇಡೀ ದಿನ ಬರೆಯುವಂತಿರಲಿಲ್ಲ, ಸ್ನೇಹಾ ತನ್ನ ಫೋನು ಕೊಟ್ಟಳು. ಬಾನುಬಿಯ ಮಡಿಚಿದ ಉತ್ತರವನ್ನು ಬಿಡಿಸಿ, ಅದರ ಕೆಳಗೆ ಬರೆದೆ. ನಾನು ಮುತ್ತುರಾಜ, ಬೆಟಗೇರಿ. ಹೇಮಪ್ಪ ಅಜ್ಜ ಇಲ್ಲ. ನನಗೆ ಹಗೇವು ಗೊತ್ತಿಲ್ಲ. ನೀವು ಬರೆದದ್ದನ್ನು ನಾನು ಪೂರ್ತಿ ಓದಲಿಲ್ಲ, ಓದದೆ ನಕ್ಕೆ, ಮಂದಿಯನ್ನು ಕರೆದು ಬೇವು ಹಾಕಿಸಿದೆ. ಇಲ್ಲಿ ದೀಪ ಆರಿತು. ತಪ್ಪಾಯಿತು.

ಸ್ನೇಹಾ ಆ ಉತ್ತರಕ್ಕೆ ಬೆಲ್ಲ ಹಾಕಿದಳು. ವೀರು ತನ್ನ ಫೋನಿನಿಂದ ಹಾಕಿದ, ಗುಂಪಿಗೆ ಏನೋ ಬರೆದ, ಗುಂಪಿನಲ್ಲಿ ಯಾರೂ ನಗುವ ಮುಖ ಕಳಿಸಲಿಲ್ಲ.

ಹಾವು ಕಡಿದದ್ದಕ್ಕೆ ಬರೆದ ಉತ್ತರವನ್ನು ನನ್ನ ಫೋನಿನಲ್ಲಿ ಹುಡುಕುತ್ತಿದ್ದೆ. ಸ್ನೇಹಾಳ ಫೋನು ಗಂಟೆ ಬಾರಿಸಿತು. ಬಾನುಬಿ. ಬೈಗುಳ ಇರಲಿಲ್ಲ. ಒಂದೇ ಸಾಲು.

“ಎಲ್ಲಾರೂ ಮ್ಯಾಲೆ ಅದಾರೇನು?”

ಉತ್ತರ ಗೊತ್ತಿತ್ತು. ಆದರೂ ತಲೆ ಎತ್ತಿ ಎಣಿಸಿದೆ. ಕಟ್ಟೆಯ ಮೇಲೆ ಗುರುಸಿದ್ದವ್ವ. ಹಗೇವಿನ ಬಾಯಿಗೆ ಕಲ್ಲು ಎಳೆಯುತ್ತಿದ್ದ ಚನ್ನಬಸವಣ್ಣ, ಅವರಿಗೆ ಕೈ ಹಚ್ಚಿದ ವೀರು. ನೀರಿನ ತಂಬಿಗೆ ಹಿಡಿದ ಸ್ನೇಹಾ. ಗಿಡದ ಬುಡದಲ್ಲಿ ಕೊಟ್ರೇಶ ಕಾಕಾ, ನೀರು ಕುಡಿಯುತ್ತಿದ್ದರು. ಇನ್ನೊಮ್ಮೆ ಎಣಿಸಿದೆ.

“ಅದಾರ್ರಿ,” ಎಂದು ಬರೆದೆ.