ಉಪ್ಪಿಗೆ ಹೆದರಿದ ಉಲ್ಕೆ

ನಾನು ಒಂದು ಉಲ್ಕಾಶಿಲೆ. ಸೂರ್ಯ ಆಗಷ್ಟೇ ಕಣ್ಣು ಬಿಡುತ್ತಿದ್ದ. ಅವನ ಸುತ್ತಲಿನ ದೂಳಿನಲ್ಲಿ ಕರಗಿದ ಕಲ್ಲಿನ ಹನಿಗಳು ಒಂದಕ್ಕೊಂದು ಅಂಟಿ ನಾನಾದೆ. ಭೂಮಿ ಇನ್ನೂ ಹುಟ್ಟಿರಲಿಲ್ಲ. ನನ್ನ ಓರಗೆಯವರು ಗುದ್ದಾಡಿ, ಕೂಡಿಕೊಂಡು ಗ್ರಹಗಳಾದರು. ನಾನು ಪುಕ್ಕಲ, ದೂರವೇ ಉಳಿದು ಕಲ್ಲಾಗಿಯೇ ಇದ್ದೆ.

ನಾನೂರೈವತ್ತು ಕೋಟಿ ವರ್ಷ ಹಾಗೇ ತಪ್ಪಿಸಿಕೊಂಡೆ. ಆಮೇಲೊಂದು ಮಧ್ಯಾಹ್ನ ಭೂಮಿ ಸೆಳೆಯಿತು. ಮೈಗೆ ಬೆಂಕಿ ಹತ್ತಿ, ಗದಗ ಸೀಮೆಯ ಎರೆಹೊಲವೊಂದರಲ್ಲಿ ಬಿದ್ದೆ.

"ಎರಿ ಹೊಲದಾಗ ಸಣ್ಣ ಹಳ್ಳು ಸುದ್ದಾ ಸಿಗೂದಿಲ್ಲ, ಇಷ್ಟ ದೊಡ್ಡ ಕಲ್ಲ ಯಾರ ಒಗದಾರ?" ಎಂದಳು ಹೊಲದೊಡತಿ ಬಸಲಿಂಗವ್ವ. ತೂಕಕ್ಕೆ ಮೆಚ್ಚಿ, ತೊಳೆದು, ನಿಂಬೆ ಹೋಳುಗಳು ಮೇಲೇಳದಂತೆ ಒತ್ತಲು ಉಪ್ಪಿನಕಾಯಿ ಭರಣಿಯೊಳಗೆ ಇಟ್ಟಳು.

ನನ್ನೊಳಗೆ ಕಬ್ಬಿಣದ ಚೂರುಗಳಿವೆ. ಉಪ್ಪುನೀರು ಬಿರುಕು ಹುಡುಕಿ ಇಳಿಯತೊಡಗಿತು. ಬೆಂಕಿ ಬರೀ ಚರ್ಮ ಸುಟ್ಟಿತ್ತು. ಇದು ನನ್ನ ನೆನಪನ್ನೇ ತಿನ್ನುತ್ತಿತ್ತು. ಕತ್ತಲ ಭರಣಿಯಲ್ಲಿ ಕೂಗುವುದು ಯಾರಿಗೆ?

ರಜೆಗೆ ಬಂದ ಮೊಮ್ಮಗಳು ದಾಕ್ಷಾಯಣಿ ಗ್ರಹಗಳು ಹುಟ್ಟಿದ ಬಗೆಯನ್ನು ಓದುತ್ತಿದ್ದವಳು. ಉಪ್ಪಿನಕಾಯಿಗೆ ಕೈಹಾಕಿ ನನ್ನನ್ನು ಎತ್ತಿದವಳು ಸುಟ್ಟು ಕಪ್ಪಾದ ಮೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಯಸ್ಕಾಂತ ತಂದು ಹಿಡಿದಳು, ಅಂಟಿತು.

"ಆಯೀ, ಇದು ಭೂಮಿಗಿಂತ ಹಳೇದೈತಿ."

"ಹೋದ ವರ್ಷ ಹಾಕಿದ್ದವ್ವಾ, ತಿನ್ನು, ಕೆಟ್ಟಿಲ್ಲ," ಎಂದಳು ಅಜ್ಜಿ.

ಪ್ರಯೋಗಾಲಯದಲ್ಲಿ ಅವಳ ಗುರುಗಳು ನನ್ನನ್ನು ಮೂಸಿದರು. "ಒಗ್ಗರಣೆ ಒಂದು ಬಾಕಿ ಇದೆಯಮ್ಮಾ. ಉಪ್ಪು ನಡುವಿನವರೆಗೂ ಇಳಿದಿದ್ದರೆ ಇದರಿಂದ ಏನೂ ತಿಳಿಯಲ್ಲ. ಕೊಯ್ದೇ ನೋಡಬೇಕು."

ವಜ್ರದ ಹುಡಿ ಮೆತ್ತಿದ ಗರಗಸ ಗುಂಯ್‌ಗುಟ್ಟಿತು. ಕೊಯ್ತಕ್ಕಿಂತ, ಒಳಗೆ ಏನು ಕಾಣುತ್ತದೋ ಎಂಬುದೇ ನನಗೆ ಹೆಚ್ಚು ಭಯ. ನಾನು ಕಂಡದ್ದೆಲ್ಲ ಅಳಿಸಿಹೋಗಿದ್ದರೆ? ಮೊದಲು ತುಕ್ಕು. ಬೆರಳಗಲ ದಾಟಿದರೂ ತುಕ್ಕು. ನಟ್ಟನಡುವೆ, ಅಡಿಕೆಯಷ್ಟು ಜಾಗದಲ್ಲಿ ಮಾತ್ರ, ಹುಟ್ಟಿದ ದಿನದ ಬೂದು ಮೈ. ಅದರ ತುಂಬ ದುಂಡು ಹನಿಗಳು.

ದಾಕ್ಷಾಯಣಿ ಒರೆಸಿ ಬೆಳಕಿಗೆ ಹಿಡಿದಳು. ಅಜ್ಜಿಗೆ ಫೋನಿನಲ್ಲಿ ತೋರಿಸಿದಳು.

"ನನ್ನ ಉಪ್ಪಿನಕಾಯಿ ಸಾಸಿವಿ ಅಲ್ಲೀತನಕಾ ಹೋಗ್ಯಾವನ?"

"ಇಲ್ಲ ಆಯೀ. ಇವು ಸೂರ್ಯನ ಕೂಡ ಹುಟ್ಟಿದಾವು. ಉಳದದ್ದೆಲ್ಲಾ ಉಪ್ಪ ತಿಂದೈತಿ."

ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಉಪ್ಪಿಗೆ ಅಂಜತೈತಿ ಅಂತ ನನಗೇನ ಗೊತ್ತವ್ವಾ. ತೊಳದ ಹಾಕಿದ್ನಿ."

ಈಗ ಗಾಜಿನ ಡಬ್ಬಿಯಲ್ಲಿದ್ದೇನೆ. ತೇವವಿಲ್ಲ, ಉಪ್ಪಿಲ್ಲ, ಮುಚ್ಚಳ ಬಿಗಿ. ದಾಕ್ಷಾಯಣಿ ದಿನವೂ ಬಂದು ನನ್ನ ಬಾಲ್ಯವನ್ನು ಓದುತ್ತಾಳೆ. ಸೂರ್ಯ ಹೊತ್ತಿಕೊಂಡದ್ದನ್ನು ಹತ್ತಿರದಿಂದ ನೋಡಿದವನು ನಾನು. ಆದರೂ ಮಧ್ಯಾಹ್ನ ಪಕ್ಕದ ಮೇಜಿನಲ್ಲಿ ಯಾರಾದರೂ ಊಟದ ಡಬ್ಬಿ ತೆರೆದರೆ, ಉಳಿದ ಅಡಿಕೆಯಷ್ಟು ನಾನೂ ಗಡಗಡ ನಡುಗುತ್ತೇನೆ.